ಬಾಡಿಗೆ ಸ್ಕೇಟ್ಸ್ ಕಟ್ಟಿಕೊಂಡು ಮೊದಲ ಸಲ ಐಸ್ ಮೇಲೆ ಇಳಿಯುವವರಿಗೆ

ಡಿಸೆಂಬರ್ ಬಂದರೆ ಸಾಕು, ನನಗೆ ಒಂದೇ ಥರದ ಫೋನ್ ಬರುತ್ತದೆ. "ಅಕ್ಕ, ಮಕ್ಕಳು ಸ್ಕೇಟಿಂಗ್ ಸ್ಕೇಟಿಂಗ್ ಅಂತ ಹಟ ಹಿಡಿದಿದ್ದಾರೆ. ನಮಗೆ ಏನೂ ಗೊತ್ತಿಲ್ಲ. ಈ ಶನಿವಾರ ಜೊತೆಗೆ ಬರ್ತೀರಾ?" ಬೆಂಗಳೂರಿನಿಂದಲೋ ಮೈಸೂರಿನಿಂದಲೋ ಅದೇ ವರ್ಷ ಟೊರಾಂಟೊ ಕಡೆಗೆ ಬಂದ ಮನೆಯವರು. ನಾನು ಖುಷಿಯಿಂದ ಹೋಗುತ್ತೇನೆ. ನಾನು ತಿಪಟೂರಿನವಳು, ಟೊರಾಂಟೊ ಪಕ್ಕದ ಮಿಸಿಸಾಗಾದಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ. ಸ್ಕೇಟಿಂಗ್ ಕಲಿತದ್ದು ಮೂವತ್ತೆರಡನೇ ವಯಸ್ಸಿಗೆ. ಅದೂ ಬಾಡಿಗೆ ಸ್ಕೇಟ್ಸ್‌ನಲ್ಲೇ.

ನನ್ನ ಮೊದಲ ದಿನ ಚೆನ್ನಾಗಿರಲಿಲ್ಲ. ಕೌಂಟರಿನಲ್ಲಿ ನನ್ನ ಶೂ ಸೈಜ್ ಹೇಳಿದೆ. ಅದೇ ನಂಬರಿನ ಒಂದು ಜೊತೆ ಕೊಟ್ಟರು. ಕಾಲು ಒಳಗೆ ಅಲ್ಲಾಡುತ್ತಿತ್ತು. ಅದಕ್ಕೆ ಎರಡು ಜೊತೆ ಉಣ್ಣೆಯ ಸಾಕ್ಸ್ ಹಾಕಿಕೊಂಡೆ. ಹಿಂದೆ ಜನ ಸಾಲಿನಲ್ಲಿ ನಿಂತಿದ್ದರು, ಮತ್ತೆ ಹೋಗಿ ಬದಲಾಯಿಸಿ ಅಂತ ಕೇಳಲು ಸಂಕೋಚವಾಯಿತು. ಐಸ್ ಮೇಲೆ ಕಾಲಿಟ್ಟ ಕೂಡಲೇ ಎರಡೂ ಪಾದ ಒಳಗಡೆಗೆ ಮಡಚಿಕೊಂಡವು. ಕಾಲು ಗಂಟೆಯೊಳಗೆ ಹಿಂದಕ್ಕೆ ಬಿದ್ದು ಕೈ ಊರಿದೆ. ಬಲಗೈ ಮಣಿಕಟ್ಟಿನ ಮೂಳೆ ಸಣ್ಣದಾಗಿ ಬಿರುಕು ಬಿಟ್ಟಿತು. ಆರು ವಾರ ಪಟ್ಟಿ. ನನ್ನ ಕಾಲಿನಲ್ಲಿ ಶಕ್ತಿ ಇಲ್ಲ, ಇದು ನಮ್ಮಂಥವರಿಗಲ್ಲ ಅಂತ ಒಂದು ವರ್ಷ ಹಾಗೇ ನಂಬಿಕೊಂಡಿದ್ದೆ. ಮುಂದಿನ ಚಳಿಗಾಲದಲ್ಲಿ ಬೆಂಚಿನ ಮೇಲೆ ಪಕ್ಕ ಕೂತಿದ್ದ ಒಬ್ಬ ವಯಸ್ಸಾದ ಹೆಂಗಸು ನನ್ನ ಲೇಸ್ ನೋಡಿ, ಬಿಚ್ಚಿಸಿ, ಒಂದು ಸೈಜ್ ಚಿಕ್ಕದು ತರಿಸಿ, ಮತ್ತೆ ಕಟ್ಟಿಸಿದರು. ಅವತ್ತು ನನ್ನ ಪಾದ ನೆಟ್ಟಗೆ ನಿಂತಿತು. ತಪ್ಪು ನನ್ನ ಕಾಲಿನದ್ದಾಗಿರಲಿಲ್ಲ.

ಅದಕ್ಕೇ ನಾನು ಹೊಸಬರಿಗೆ ಮೊದಲು ಹೇಳುವುದು ಇದನ್ನೇ: ಕೌಂಟರಿನಲ್ಲಿ ಸಂಕೋಚ ಬೇಡ. ಸೀರೆ ಅಂಗಡಿಯಲ್ಲಿ ಇಪ್ಪತ್ತು ಸೀರೆ ಬಿಚ್ಚಿಸಿ ನೋಡುವ ನಾವು ಇಲ್ಲಿ ಮಾತ್ರ ಕೊಟ್ಟಿದ್ದನ್ನು ತೆಗೆದುಕೊಂಡು ಸುಮ್ಮನೆ ಬಂದುಬಿಡುತ್ತೇವೆ. ಬದಲಾಯಿಸಿ ಕೊಡುವುದು ಅಲ್ಲಿರುವವರ ದಿನನಿತ್ಯದ ಕೆಲಸ. ಎರಡು ಸಲ, ಮೂರು ಸಲ ಕೇಳಿ. ಐಸ್‌ಗೆ ಇಳಿಯುವ ಮೊದಲಿನ ಆ ಅರ್ಧ ಗಂಟೆಯನ್ನು ಸರಿಯಾಗಿ ಕಳೆದರೆ, ಆಮೇಲಿನ ಒಂದು ಗಂಟೆ ಚೆನ್ನಾಗಿರುತ್ತದೆ.

ಯಾವ ನಂಬರ್ ಕೇಳಬೇಕು

ಸ್ಕೇಟ್ಸ್ ನಂಬರ್ ಮತ್ತು ಶೂ ನಂಬರ್ ಒಂದೇ ಅಲ್ಲ. ಐಸ್ ಹಾಕಿ ಆಡುವವರ ಸ್ಕೇಟ್ಸ್, ಅಂದರೆ ಹಾಕಿ ಸ್ಕೇಟ್ಸ್, ಸಾಮಾನ್ಯವಾಗಿ ಇಲ್ಲಿನ (ಅಮೆರಿಕನ್ ಅಳತೆಯ) ಶೂ ನಂಬರಿಗಿಂತ 1 ಅಥವಾ 1.5 ಕಡಿಮೆ ಇರುತ್ತದೆ. ಇಲ್ಲಿ ನಮ್ಮವರಿಗೆ ಒಂದು ಅನುಕೂಲ ಇದೆ. ಊರಿನಲ್ಲಿ ಬಾಟಾ ಅಂಗಡಿಯಲ್ಲಿ ನಾವು ಹೇಳುವುದು ಬ್ರಿಟಿಷ್ ಅಳತೆಯ ನಂಬರ್. ಗಂಡಸರಿಗೆ ಅದು ಅಮೆರಿಕನ್ ಅಳತೆಗಿಂತ ಸುಮಾರು ಒಂದು ಕಡಿಮೆ. ಹಾಗಾಗಿ ಊರಿನಲ್ಲಿ 7 ಹಾಕುತ್ತಿದ್ದ ಗಂಡಸರು ಹಾಕಿ ಸ್ಕೇಟ್ಸ್‌ನಲ್ಲೂ 7ರಿಂದ ಶುರು ಮಾಡಬಹುದು. ಇಲ್ಲಿ ಕೊಂಡ ಸ್ನೋ ಬೂಟಿನ ನಂಬರ್ ಹೇಳಲೇಬೇಡಿ. ಅದನ್ನು ದಪ್ಪ ಸಾಕ್ಸ್‌ಗೆ ಜಾಗ ಬಿಟ್ಟು ದೊಡ್ಡದೇ ತೆಗೆದುಕೊಂಡಿರುತ್ತೇವೆ.

ಹೆಂಗಸರು ಒಂದು ವಿಷಯ ಕೇಳಿಯೇ ತೆಗೆದುಕೊಳ್ಳಬೇಕು. ಆ ನಂಬರ್ ಗಂಡಸರ ಅಳತೆಯದ್ದೋ ಹೆಂಗಸರದ್ದೋ? ಹಾಕಿ ಸ್ಕೇಟ್ಸ್‌ಗೆ ಹೆಚ್ಚಾಗಿ ಗಂಡಸರ ಅಳತೆಯೇ ಇರುತ್ತದೆ. ಐಸ್ ಮೇಲೆ ನೃತ್ಯ ಮಾಡುವವರ ಬಿಳಿ ಬಣ್ಣದ ಫಿಗರ್ ಸ್ಕೇಟ್ಸ್‌ಗೆ ಹೆಂಗಸರ ಅಳತೆ ಇರಬಹುದು. ಇದನ್ನು ಕೇಳದೆ ಇದ್ದರೆ ಎರಡು ನಂಬರ್ ಆಚೀಚೆ ಆಗುತ್ತದೆ.

ನಂಬರ್ ಏನೇ ಇರಲಿ, ಕೊನೆಗೆ ತೀರ್ಮಾನ ಹೇಳಬೇಕಾದ್ದು ಕಾಲು. ಲೇಸ್ ಕಟ್ಟಿ ನೆಟ್ಟಗೆ ನಿಂತಾಗ ಹೆಬ್ಬೆರಳು ಮುಂದಿನ ಗೋಡೆಗೆ ಹಗುರವಾಗಿ ತಾಗಬೇಕು. ಮಂಡಿ ಬಗ್ಗಿಸಿದಾಗ ಸ್ವಲ್ಪ ಹಿಂದಕ್ಕೆ ಸರಿಯಬೇಕು. ಬೆರಳುಗಳು ಮಡಚಿಕೊಂಡರೆ ಚಿಕ್ಕದಾಯಿತು. ಹಿಮ್ಮಡಿ ಮೇಲೆದ್ದರೆ ದೊಡ್ಡದಾಯಿತು. ಎರಡರಲ್ಲಿ ಹೊಸಬರು ಮಾಡುವ ತಪ್ಪು ಹೆಚ್ಚಾಗಿ ದೊಡ್ಡದನ್ನು ತೆಗೆದುಕೊಳ್ಳುವುದೇ. ಆರಾಮಾಗಿದೆ ಅನ್ನಿಸುವ ಸ್ಕೇಟ್ಸ್ ಬೆಂಚಿನ ಮೇಲೆ ಮಾತ್ರ ಆರಾಮ.

ಚಪ್ಪಲಿಯಲ್ಲೇ ಬೆಳೆದ ನನ್ನ ಪಾದ ಮುಂದುಗಡೆ ಅಗಲ. ಎಷ್ಟೋ ಜನ ನನ್ನ ಹಾಗೇ ಇದ್ದಾರೆ. ಪಾದದ ಎರಡು ಪಕ್ಕ ಹಿಂಡಿದಂತೆ ಆದಾಗ ನಾವು ಒಂದು ನಂಬರ್ ಜಾಸ್ತಿ ಕೇಳುತ್ತೇವೆ. ಅದರಿಂದ ಅಗಲಕ್ಕಿಂತ ಉದ್ದವೇ ಹೆಚ್ಚಾಗಿ, ಹಿಮ್ಮಡಿ ಸಡಿಲವಾಗುತ್ತದೆ. ಅದರ ಬದಲು ಅದೇ ನಂಬರಿನಲ್ಲಿ ಬೇರೆ ಮಾದರಿ ಇದೆಯಾ ಅಂತ ಕೇಳಿ. ಒಂದೇ ಕೌಂಟರಿನಲ್ಲಿ ಎರಡು ಮೂರು ಕಂಪನಿಯದ್ದು ಇರುವುದುಂಟು, ಒಂದೊಂದರ ಅಗಲ ಒಂದೊಂದು ಥರ.

ಹಾಕಿಯೋ ಫಿಗರೋ ಅಂತ ಕೇಳುತ್ತಾರೆ. ಹಾಕಿ ಸ್ಕೇಟ್ಸ್‌ನ ಬ್ಲೇಡ್ ಮುಂದೆ, ಹಿಂದೆ ಎರಡೂ ಕಡೆ ದುಂಡಗಿರುತ್ತದೆ. ಹಿಂದಕ್ಕೆ ವಾಲಿದರೆ ಹಿಂದಕ್ಕೇ ಬೀಳುತ್ತೀರಿ. ಫಿಗರ್ ಸ್ಕೇಟ್ಸ್‌ನ ಬ್ಲೇಡ್ ಉದ್ದ, ನಿಲ್ಲುವುದಕ್ಕೆ ಸ್ವಲ್ಪ ಸ್ಥಿರ. ಆದರೆ ಮುಂದುಗಡೆ ಹಲ್ಲುಗಳಿರುತ್ತವೆ. ಬೆರಳ ತುದಿಯಿಂದ ತಳ್ಳಿಕೊಂಡು ನಡೆಯಲು ಹೋದರೆ ಆ ಹಲ್ಲು ಐಸ್‌ಗೆ ಸಿಕ್ಕಿ ಮುಗ್ಗರಿಸುತ್ತೀರಿ. ದೊಡ್ಡವರಿಗೆ ನಾನು ಹೇಳುವುದು, ಕಾಲಿಗೆ ಯಾವುದು ಚೆನ್ನಾಗಿ ಕೂರುತ್ತದೋ ಅದು. ಪುಟಾಣಿಗಳಿಗೆ ಶೂ ಮೇಲೆ ಪಟ್ಟಿಯಿಂದ ಬಿಗಿಯುವ ಎರಡು ಬ್ಲೇಡಿನ ಸ್ಕೇಟ್ಸ್ ನನಗೆ ಇಷ್ಟವಿಲ್ಲ. ಪಾದದ ಕೀಲಿಗೆ ಅದರಲ್ಲಿ ಏನೂ ಆಸರೆ ಇಲ್ಲ.

ತೆಗೆದುಕೊಂಡ ಮೇಲೆ ಒಂದು ನಿಮಿಷ ನೋಡಿ

ಬೆಂಚಿಗೆ ಹೋಗುವ ಮೊದಲು ಕೌಂಟರಿನ ಹತ್ತಿರವೇ ನೋಡುವುದು ಒಳ್ಳೆಯದು. ಬ್ಲೇಡಿನ ತಳದಲ್ಲಿ ಉದ್ದಕ್ಕೂ ಒಂದು ಸಣ್ಣ ಹಳ್ಳ ಇರುತ್ತದೆ. ಹಳ್ಳದ ಆಚೆ ಈಚೆ ಎರಡು ಅಂಚು. ಐಸ್ ಹಿಡಿಯುವುದು ಆ ಅಂಚುಗಳೇ. ಬಾಡಿಗೆ ಸ್ಕೇಟ್ಸ್ ಹಾಕಿಕೊಂಡು ಜನ ಸಿಮೆಂಟಿನ ಮೇಲೂ ನಡೆದಿರುತ್ತಾರೆ, ಅಂಚು ಮೊಂಡಾಗಿರುತ್ತದೆ. ಮೊಂಡು ಬ್ಲೇಡಿನಲ್ಲಿ ಕಾಲನ್ನು ಪಕ್ಕಕ್ಕೆ ತಳ್ಳಿದರೆ ಅದು ಸುಮ್ನೆ ಜಾರಿ ಹೋಗುತ್ತದೆ. ಮುಂದಕ್ಕೆ ಹೋಗುವುದೂ ಕಷ್ಟ, ನಿಲ್ಲಿಸುವುದೂ ಕಷ್ಟ. ಪರೀಕ್ಷೆ ಮಾಡಲು ಬೆರಳನ್ನು ಬ್ಲೇಡಿನ ಉದ್ದಕ್ಕೆ ಎಂದೂ ಎಳೆಯಬೇಡಿ. ಹೆಬ್ಬೆರಳಿನ ಉಗುರನ್ನು ಅಂಚಿನ ಮೇಲೆ ಅಡ್ಡಡ್ಡ ಹಗುರವಾಗಿ ಇಟ್ಟು ಸರಿಸಿ. ಉಗುರಿನಿಂದ ಸಣ್ಣ ಪುಡಿ ಕೆರೆದು ಬಂದರೆ ಅಂಚು ಇದೆ. ನುಣ್ಣಗೆ ಜಾರಿದರೆ ಸಾಣೆ ಹಿಡಿದ ಬೇರೆ ಜೊತೆ ಕೇಳಿ. ಎರಡೂ ಕಾಲಿನ ಎರಡೂ ಅಂಚು ನೋಡಬೇಕು. ಹಳೇ ಈಳಿಗೆಮಣೆಯ ಬಾಯಿಯ ಹಾಗೆ ಅಲ್ಲಲ್ಲಿ ಮುಕ್ಕಾಗಿದ್ದರೆ, ಕಂದು ತುಕ್ಕು ಹಿಡಿದಿದ್ದರೆ ಬೇಡ.

ಆಮೇಲೆ ಬ್ಲೇಡನ್ನು ಹಿಡಿದು ಅಲ್ಲಾಡಿಸಿ. ಅಲ್ಲಾಡಬಾರದು. ಹಿಂದಿನಿಂದ ನೋಡಿದರೆ ಹಿಮ್ಮಡಿಯ ನಡುವೆ ನೇರವಾಗಿರಬೇಕು. ಬೂಟನ್ನು ಪಾದದ ಕೀಲಿನ ಹತ್ತಿರ ಒತ್ತಿ ನೋಡಿ. ಹಳೇ ಚೀಲದ ಹಾಗೆ ಮಡಚಿಕೊಂಡರೆ ಅದು ನಿಮ್ಮ ಕಾಲನ್ನು ಹಿಡಿದು ನಿಲ್ಲಿಸುವುದಿಲ್ಲ. ಲೇಸ್ ಹರಿದಿದ್ದರೆ ಅಥವಾ ಹುಕ್ ಕಿತ್ತು ಹೋಗಿದ್ದರೆ, ಬಕಲ್ ಇರುವಂಥದ್ದಾದರೆ ಬಕಲ್ ಜಾರುತ್ತಿದ್ದರೆ, ವಾಪಸ್ ಕೊಡಿ. ಒಳಗೆ ಕೈ ಹಾಕಿ ಒದ್ದೆ ಇದೆಯಾ ನೋಡಿ. ಒದ್ದೆ ಬೂಟಿನಲ್ಲಿ ಕಾಲು ಬೇಗ ತಣ್ಣಗಾಗುತ್ತದೆ, ಉಜ್ಜಿ ಗುಳ್ಳೆಯೂ ಏಳುತ್ತದೆ.

ಸಾಕ್ಸ್ ಒಂದೇ ಜೊತೆ. ಇದಕ್ಕೆ ಎಲ್ಲರೂ ವಾದ ಮಾಡುತ್ತಾರೆ. "ಹೊರಗೆ ಮೈನಸ್ 8 ಇದೆ, ಅಕ್ಕ!" ಎರಡು ಜೊತೆ ಹಾಕಿದರೆ ಒಂದರ ಮೇಲೊಂದು ಜಾರಿ ಮಡಿಕೆ ಬೀಳುತ್ತದೆ. ಬೂಟ್ ಬಿಗಿಯಾಗಿ ರಕ್ತ ಓಡಾಡುವುದಿಲ್ಲ, ಕಾಲು ಇನ್ನೂ ತಣ್ಣಗಾಗುತ್ತದೆ. ತೆಳುವಾದ ಅಥವಾ ಮಧ್ಯಮ ದಪ್ಪದ ಒಂದು ಉಣ್ಣೆ ಸಾಕ್ಸ್ ಸಾಕು. ಕಾಟನ್ ಬೇಡ, ಬೆವರು ಹಿಡಿದಿಟ್ಟುಕೊಳ್ಳುತ್ತದೆ. ಸಾಕ್ಸ್ ಬೂಟಿನ ಬಾಯಿಗಿಂತ ಎತ್ತರ ಇರಲಿ. ಚೀಲದಲ್ಲಿ ಒಂದು ಒಣ ಜೊತೆ ಬೇರೆ ಇಟ್ಟುಕೊಳ್ಳಿ. ಹೊಸ ಚಪ್ಪಲಿ ಕಚ್ಚುವ ಜಾಗ ನಿಮಗೆ ಗೊತ್ತಿರುತ್ತದಲ್ವಾ? ಸ್ಕೇಟ್ಸ್ ಕಚ್ಚುವುದೂ ಅಲ್ಲೇ. ಮನೆಯಲ್ಲೇ ಅಲ್ಲಿಗೆ ಒಂದು ಪಟ್ಟಿ ಅಂಟಿಸಿಕೊಂಡು ಬನ್ನಿ.

ಲೇಸ್ ಕಟ್ಟುವುದು

ಇದಕ್ಕೆ ಕಾಲಿಗೆ ಐದು ನಿಮಿಷದ ಹಾಗೆ ಹತ್ತು ನಿಮಿಷ ಕೊಡಿ. ನಾನು ಎಷ್ಟು ಸಲ ಹೇಳಿದರೂ ಜನ ಮೇಲಿನ ನಾಲ್ಕು ಹುಕ್ ಮಾತ್ರ ಬಿಚ್ಚಿ ಕಾಲು ತೂರಿಸುತ್ತಾರೆ. ಹಾಗಲ್ಲ. ಬೆರಳಿನ ತನಕ ಎಲ್ಲಾ ಸಡಿಲ ಮಾಡಿ. ಬೂಟಿನ ನಾಲಿಗೆಯನ್ನು ಪೂರ್ತಿ ಮುಂದಕ್ಕೆ ಎಳೆಯಿರಿ. ಕಾಲು ಹಾಕಿ, ಹಿಮ್ಮಡಿಯನ್ನು ರಬ್ಬರ್ ನೆಲದ ಮೇಲೆ ಎರಡು ಸಲ ಕುಟ್ಟಿ, ಹಿಂದಕ್ಕೆ ಸರಿಯಾಗಿ ಕೂರಲಿ. ನಾಲಿಗೆಯನ್ನು ನಡುವೆ ನೇರ ಮಾಡಿ.

ಈಗ ಕೆಳಗಿನಿಂದ ಒಂದೊಂದೇ ಅಡ್ಡ ಲೇಸನ್ನು ಬೆರಳಿನಿಂದ ಎಳೆಯುತ್ತಾ ಬನ್ನಿ. ತುದಿ ಹಿಡಿದು ಒಮ್ಮೆಗೇ ಜಗ್ಗಿದರೆ ಮೇಲುಗಡೆ ಮಾತ್ರ ಬಿಗಿಯಾಗುತ್ತದೆ. ಬೆರಳುಗಳ ಮೇಲೆ ಹದವಾಗಿ, ಬೆರಳು ಆಡಿಸಲು ಬರುವಷ್ಟು. ಪಾದ ತಿರುಗಿ ಮೇಲೆ ಹೋಗುವ ಜಾಗ ಇದೆಯಲ್ಲ, ಎಲ್ಲಕ್ಕಿಂತ ಬಿಗಿಯಾಗಿ ಕಟ್ಟಬೇಕಾದ್ದು ಅಲ್ಲಿ. ಹಿಮ್ಮಡಿಯನ್ನು ಹಿಂದಕ್ಕೆ ಹಿಡಿದಿಡುವುದು ಆ ಎರಡು ಮೂರು ಅಡ್ಡ ಲೇಸ್‌ಗಳೇ. ಅದಕ್ಕಿಂತ ಮೇಲೆ ಮತ್ತೆ ಸ್ವಲ್ಪ ಸಡಿಲ. ಬೂಟಿನ ಬಾಯಿಯಲ್ಲಿ ಹಿಂದುಗಡೆ ಒಂದು ಬೆರಳು ತೂರಬೇಕು, ಮಂಡಿ ಮುಂದಕ್ಕೆ ಬಗ್ಗಬೇಕು. ಉಳಿದ ಲೇಸನ್ನು ಕಾಲಿಗೆ ಸುತ್ತಬೇಡಿ, ಅದು ಕೊರೆದು ನೋವು ಕೊಡುತ್ತದೆ. ಎರಡು ಗಂಟು ಹಾಕಿ, ತುದಿಗಳನ್ನು ಒಳಗೆ ಸಿಕ್ಕಿಸಿ. ಬ್ಲೇಡಿನ ಕೆಳಗೆ ಲೇಸ್ ಸಿಕ್ಕಿದರೆ ಬೀಳುವುದು ಖಂಡಿತ.

ಎರಡು ವರ್ಷದ ಹಿಂದೆ ಅಪ್ಪ ಜನವರಿಯಲ್ಲಿ ಬಂದಿದ್ದರು. ವಯಸ್ಸು 66. "ನಾನೂ ಒಂದು ಸಲ ನಿಂತು ನೋಡ್ತೀನಿ ಕಣಮ್ಮ" ಅಂದರು. ನಾನು ಅವರ ಮುಂದೆ ಕೂತು ಲೇಸ್ ಕಟ್ಟುತ್ತಿದ್ದೆ. ಅವರು ಸುಮ್ಮನೆ ನೋಡುತ್ತಿದ್ದವರು, "ತೆಂಗಿನಮರ ಹತ್ತೋನು ಕಾಲಿನ ಹಗ್ಗಾನ ಕೆಳಗಡೆನೇ ನಿಂತು ಎರಡು ಸಲ ಎಳೆದು ನೋಡ್ತಾನೆ. ಇದೂ ಹಾಗೇನಾ?" ಅಂದರು. ಹೌದಪ್ಪ, ಹಾಗೇ ಅಂದೆ. ಮೊದಲು ಅವರ ಸ್ನೋ ಬೂಟಿನ ನಂಬರ್ 8 ತಂದಿದ್ದೆ, ಹಿಮ್ಮಡಿ ಎದ್ದಿತು. 7 ತಂದೆ, ಪಕ್ಕ ಹಿಂಡಿತು. ಮೂರನೇ ಸಲ ಬೇರೆ ಮಾದರಿಯ 7. ಕೂತಿತು. ಕೌಂಟರಿನ ಹುಡುಗ ಮೂರು ಸಲವೂ ನಗುತ್ತಲೇ ಕೊಟ್ಟ.

ಕಟ್ಟಿದ ಮೇಲೆ ರಬ್ಬರ್ ಹಾಸಿನ ಮೇಲೆ ಎದ್ದು ನಿಂತು ಎರಡು ನಿಮಿಷ ನಡೆಯಿರಿ. ಮಂಡಿ ಬಗ್ಗಿಸಿ. ಯಾರಾದರೂ ಹಿಂದಿನಿಂದ ನೋಡಲಿ, ಪಾದ ಒಳಕ್ಕೆ ಮಡಚುತ್ತಿದೆಯಾ ಅಂತ. ಮಡಚಿದರೆ "ನನ್ನ ಕಾಲೇ ಹೀಗೆ" ಅನ್ನುವ ಮೊದಲು ಮತ್ತೆ ಬಿಚ್ಚಿ ಕಟ್ಟಿ. ಆಗಲೂ ಮಡಚಿದರೆ ಅರ್ಧ ಅಥವಾ ಒಂದು ನಂಬರ್ ಚಿಕ್ಕದು ತನ್ನಿ. ನಾನು ಕರೆದುಕೊಂಡು ಹೋದ ಬಹುಪಾಲು ಜನರಿಗೆ ಇಷ್ಟರಲ್ಲೇ ಸರಿಹೋಗಿದೆ.

ಐಸ್ ಮೇಲೆ ಹತ್ತು ನಿಮಿಷ ಕಳೆದ ಮೇಲೆ ಹೊರಗೆ ಬಂದು ಮತ್ತೊಮ್ಮೆ ಕಟ್ಟಬೇಕು. ಬೂಟ್ ಬೆಚ್ಚಗಾಗಿ ಲೇಸ್ ಸಡಿಲವಾಗಿರುತ್ತದೆ. ಆ ಹೊತ್ತಿಗೆ ಕಾಲೂ ಏನೋ ಹೇಳುತ್ತಿರುತ್ತದೆ. ಪಾದಕ್ಕೆ ಜೋಮು ಹಿಡಿದಿದ್ದರೆ ಮೇಲುಗಡೆ ತುಂಬಾ ಬಿಗಿ. ಪಾದದ ಕೀಲಿನ ಮುಂಭಾಗದಲ್ಲಿ ಒಂದೇ ಗೆರೆಯಲ್ಲಿ ನೋವಿದ್ದರೆ ಲೇಸ್ ಕಚ್ಚುತ್ತಿದೆ, ನಾಲಿಗೆ ಪಕ್ಕಕ್ಕೆ ಸರಿದಿದೆಯಾ ನೋಡಿ. ಅಂಗಾಲು ಹಿಡಿದುಕೊಂಡರೆ, ನೀವು ಹೆದರಿಕೆಯಿಂದ ಬೆರಳುಗಳನ್ನು ಬಿಗಿಹಿಡಿದಿದ್ದೀರಿ, ಅಥವಾ ಬೂಟ್ ಸಡಿಲ ಇರುವುದರಿಂದ ಬೆರಳೇ ಹಿಡಿದುಕೊಳ್ಳುತ್ತಿವೆ. ಮೊದಲ ದಿನ ಕಾಲು ದಣಿಯುವುದು ಸಹಜ. ಚುಚ್ಚುವ ನೋವು ಸಹಜವಲ್ಲ, ಅದನ್ನು ತಡೆದುಕೊಂಡು ಆಡಬೇಡಿ. ಮಕ್ಕಳು ಇದನ್ನು ಹೇಳುವುದಿಲ್ಲ. "ಸಾಕು, ಮನೆಗೆ ಹೋಗೋಣ" ಅಂತ ಅಳುತ್ತಾರೆ. ಆಗ ಗದರಬೇಡಿ, ಬೂಟ್ ಬಿಚ್ಚಿ ನೋಡಿ. ಎಷ್ಟೋ ಸಲ ಒಳಗೆ ಸಾಕ್ಸ್ ಮಡಿಕೆ ಬಿದ್ದಿರುತ್ತದೆ.

ತಲೆ, ಕೈ, ಬಟ್ಟೆ

ಹೆಲ್ಮೆಟ್ ಮಕ್ಕಳಿಗೆ ಮಾತ್ರ ಅಂದುಕೊಳ್ಳಬೇಡಿ. ಹೊಸಬರು ಬೀಳುವುದು ಹಿಂದಕ್ಕೆ, ಎತ್ತರ ಇರುವ ದೊಡ್ಡವರ ತಲೆ ಇನ್ನೂ ಜೋರಾಗಿ ಬಡಿಯುತ್ತದೆ. ಕೆನಡಾದಲ್ಲಿ ಸಿಎಸ್‌ಎ (ಇಲ್ಲಿನ ಸುರಕ್ಷತಾ ಮಾನದಂಡದ) ಗುರುತು ಇರುವ ಹಾಕಿ ಹೆಲ್ಮೆಟ್ ಸಿಗುತ್ತದೆ, ಅದನ್ನೇ ಹಾಕಿ. ಸೈಕಲ್ ಹೆಲ್ಮೆಟ್ ಒಂದು ದೊಡ್ಡ ಹೊಡೆತಕ್ಕೆ ಮಾಡಿದ್ದು. ಹಾಕಿ ಹೆಲ್ಮೆಟ್ ಮತ್ತೆ ಮತ್ತೆ ಬೀಳುವುದಕ್ಕೆ ಮಾಡಿದ್ದು, ತಲೆಯ ಹಿಂಭಾಗವನ್ನೂ ಚೆನ್ನಾಗಿ ಮುಚ್ಚುತ್ತದೆ. ಹುಬ್ಬಿನ ಹತ್ತಿರಕ್ಕೆ ಬರಬೇಕು, ತಲೆ ಅಲ್ಲಾಡಿಸಿದರೆ ಜಾರಬಾರದು. ನಮ್ಮ ಹೆಣ್ಣುಮಕ್ಕಳಿಗೆ ಒಂದು ಮಾತು. ಮೇಲೆ ತುರುಬು ಕಟ್ಟಿದರೆ ಹೆಲ್ಮೆಟ್ ಮುಂದಕ್ಕೆ ತಳ್ಳಿಕೊಂಡು ಕಣ್ಣಿಗೆ ಬರುತ್ತದೆ. ಕುತ್ತಿಗೆಯ ಹತ್ತಿರ ಕೆಳಗೆ ಜಡೆ ಹಾಕಿ, ಜಾಕೆಟ್ಟಿನ ಒಳಗೆ ಬಿಡಿ. ದಪ್ಪ ಉಣ್ಣೆ ಟೋಪಿಯ ಮೇಲೆ ಹೆಲ್ಮೆಟ್ ಕೂರುವುದಿಲ್ಲ, ತೆಳುವಾದದ್ದು ಹಾಕಿ.

ಕೈಗವಸು ಚಳಿಗಷ್ಟೇ ಅಲ್ಲ. ಬಿದ್ದಾಗ ಬೇರೆಯವರ ಬ್ಲೇಡ್ ಪಕ್ಕದಲ್ಲೇ ಹೋಗುತ್ತಿರುತ್ತದೆ. ಬಿದ್ದ ಕೂಡಲೇ ಬೆರಳು ಮಡಚಿ ಮುಷ್ಟಿ ಮಾಡಿಕೊಳ್ಳಿ. ದುಪಟ್ಟಾ, ಉದ್ದ ಮಫ್ಲರ್ ಬೇಡ. ಹಿಂದಿನ ಜೇಬಿನಿಂದ ಫೋನ್, ಪಕ್ಕದ ಜೇಬಿನಿಂದ ಕೀ ತೆಗೆದಿಡಿ, ಬೀಳುವುದು ಅದರ ಮೇಲೇ. ಮಗುವನ್ನು ಎತ್ತಿಕೊಂಡು ಮಾತ್ರ ಯಾವತ್ತೂ ಸ್ಕೇಟ್ ಮಾಡಬೇಡಿ.

ಬೀಳುವುದನ್ನು ಬೆಂಚಿನ ಹತ್ತಿರದ ರಬ್ಬರ್ ಹಾಸಿನ ಮೇಲೇ ಎರಡು ಸಲ ಕಲಿಯಿರಿ. ಬೀಳುತ್ತೇನೆ ಅನ್ನಿಸಿದಾಗ ಮಂಡಿ ಬಗ್ಗಿಸಿ ಕೆಳಗಿಳಿಯಿರಿ, ಒಂದು ಪಕ್ಕಕ್ಕೆ, ತೊಡೆಯ ಮೇಲೆ ಬೀಳಿ. ಗದ್ದ ಎದೆಗೆ ತಾಗಿರಲಿ. ಕೈ ಹಿಂದಕ್ಕೆ ಚಾಚಿ ಊರಬೇಡಿ, ನನ್ನ ಮಣಿಕಟ್ಟು ಹೋದದ್ದು ಹಾಗೇ. ಏಳುವಾಗ ಮೊದಲು ಅಂಬೆಗಾಲಿನ ಹಾಗೆ ನಾಲ್ಕು ಕಾಲಿನ ಮೇಲೆ ಬನ್ನಿ. ಒಂದು ಪಾದ ಮುಂದಿಟ್ಟು, ಆ ಮಂಡಿಯ ಮೇಲೆ ಎರಡೂ ಕೈ ಊರಿ ಏಳಿ. ಜೊತೆಯವರು ಕೈ ಹಿಡಿದು ಎತ್ತಲು ಹೋದರೆ ಇಬ್ಬರೂ ಬೀಳುತ್ತೀರಿ.

ಎಲ್ಲಿಗೆ ಹೋಗಬೇಕು

ಮೊದಲ ಸಲ ಸುತ್ತ ಗೋಡೆ ಇರುವ, ಒಳಾಂಗಣದ ರಿಂಕ್ (ಐಸ್ ಅಂಗಳ) ಒಳ್ಳೆಯದು. ಹಿಡಿದುಕೊಳ್ಳಲು ಆಸರೆ ಇರುತ್ತದೆ, ಕೆಲವು ಕಡೆ ತಳ್ಳಿಕೊಂಡು ಹೋಗುವ ಫ್ರೇಮ್ ಕೂಡ ಕೊಡುತ್ತಾರೆ. ಅಪ್ಪ ಇಪ್ಪತ್ತು ನಿಮಿಷ ಅದನ್ನು ಹಿಡಿದೇ ಎರಡು ಸುತ್ತು ಬಂದರು. ಐಸ್ ನುಣುಪು ಮಾಡುವ ಜಂಬೋನಿ ಗಾಡಿ ಹೊರಗೆ ಹೋದ ಮೇಲೂ ಐಸ್ ಸ್ವಲ್ಪ ಹೊತ್ತು ಒದ್ದೆ ಇರುತ್ತದೆ. ಗೇಟ್ ತೆರೆಯುವ ತನಕ ಕಾಯಿರಿ.

ಎಲ್ಲರಿಗೂ ಹೋಗಬೇಕು ಅನ್ನಿಸುವುದು ಟೊರಾಂಟೊ ಸಿಟಿ ಹಾಲ್ ಮುಂದಿನ ನೇಥನ್ ಫಿಲಿಪ್ಸ್ ಸ್ಕ್ವೇರ್‌ಗೆ. 1965ರಲ್ಲಿ ತೆರೆದ, ಬಾಗಿದ ಜೋಡಿ ಗೋಪುರದ ಆ ಕಟ್ಟಡದ ಎದುರು, ಬೇಸಿಗೆಯಲ್ಲಿ ನೀರಿನ ಕೊಳ, ಚಳಿಗಾಲದಲ್ಲಿ ಅದೇ ಐಸ್. ಮೇಲೆ ಕಮಾನುಗಳು, ಸಂಜೆ ದೀಪ. ಬಾಡಿಗೆಗೂ ಅಲ್ಲೇ ಸ್ಕೇಟ್ಸ್ ಸಿಗುತ್ತದೆ. ತುಂಬಾ ಚೆಂದ. ಆದರೆ ಶನಿವಾರ ಸಂಜೆ ಹೊಸಬರು ಹೋಗಬೇಡಿ. ಜನ ಜಾಸ್ತಿ, ಹಾಕಿ ಆಡುವ ಕಡೆ ಇರುವಂಥ ಎದೆಮಟ್ಟದ ಗೋಡೆಯೂ ಸುತ್ತ ಇಲ್ಲ. ವಾರದ ದಿನ ಬೆಳಗ್ಗೆ ಹೋಗಿ. ಎಲ್ಲರೂ ಸುತ್ತುವ ದಿಕ್ಕಿನಲ್ಲೇ ಸುತ್ತಿ, ನಡುವೆ ನಿಂತು ಫೋಟೋ ತೆಗೆಯಬೇಡಿ.

ಒಟ್ಟಾವಾದ ರಿಡೋ ಕಾಲುವೆ ಚಳಿಗಾಲದಲ್ಲಿ ಹೆಪ್ಪುಗಟ್ಟಿದಾಗ ಅದರ ಮೇಲಿನ ಸ್ಕೇಟಿಂಗ್ ದಾರಿ 7.8 ಕಿಲೋಮೀಟರ್ ಉದ್ದ. ಅದಕ್ಕೆ ಬಾಡಿಗೆ ಸ್ಕೇಟ್ಸ್‌ನಲ್ಲಿ ಹೋಗುವವರು ಒಂದು ನೆನಪಿಡಿ. ಹೋದಷ್ಟೇ ದೂರ ವಾಪಸ್ ಬರಬೇಕು. ಅರ್ಧ ಕಿಲೋಮೀಟರ್ ಹೋಗಿ ತಿರುಗಿ, ಕಾಲು ಹೇಗಿದೆ ನೋಡಿಕೊಳ್ಳಿ. ಅಲ್ಲಿನ ಐಸ್‌ನಲ್ಲಿ ಬಿರುಕುಗಳಿರುತ್ತವೆ, ಬ್ಲೇಡ್ ಸಿಕ್ಕಿಕೊಳ್ಳುತ್ತದೆ. ಹಸಿರು ಬಾವುಟ ಇದ್ದರೆ ಮಾತ್ರ ಇಳಿಯಿರಿ. ಸುಮಾರು 30 ಸೆಂಟಿಮೀಟರ್ ದಪ್ಪ ಐಸ್ ಕಟ್ಟದೆ ಅದನ್ನು ತೆರೆಯುವುದಿಲ್ಲ. 2022–23ರ ಚಳಿಗಾಲದಲ್ಲಿ ಒಂದು ದಿನವೂ ತೆರೆಯಲಿಲ್ಲ. ಮನೆ ಹತ್ತಿರದ ಕೆರೆ ಬಿಳಿಯಾಗಿ ಕಂಡಿತು ಅಂತ ಸುಮ್ನೆ ಇಳಿಯುವುದಂತೂ ಬೇಡವೇ ಬೇಡ. ಒಬ್ಬರಿಗೇ ಕನಿಷ್ಠ 15 ಸೆಂಟಿಮೀಟರ್, ಗುಂಪಿಗೆ 20 ಇರಬೇಕು ಅನ್ನುತ್ತದೆ ಕೆನಡಾದ ರೆಡ್‌ಕ್ರಾಸ್. ದಡದಲ್ಲಿ ನಿಂತು ನೋಡಿದರೆ ಅದು ಗೊತ್ತಾಗುವುದಿಲ್ಲ.

ಮುಗಿದ ಮೇಲೆ ಬೆಂಚಿನಲ್ಲಿ ಸಾಕ್ಸ್ ಬಿಚ್ಚಿ ಕಾಲು ನೋಡಿ. ಎಲ್ಲಿ ಕೆಂಪಾಗಿದೆ ಅಂತ ಗಮನಿಸಿ, ಒಣ ಸಾಕ್ಸ್ ಹಾಕಿ. ಸ್ಕೇಟ್ಸ್ ವಾಪಸ್ ಕೊಡುವಾಗ ಬ್ಲೇಡ್ ಮೊಂಡಾಗಿತ್ತು, ಎಡಗಾಲಿನ ಹುಕ್ ಹೋಗಿದೆ ಅಂತ ಬಾಯಿಬಿಟ್ಟು ಹೇಳಿ. ನಿಮ್ಮ ಹಿಂದೆ ಅದೇ ಜೊತೆ ಯಾವುದೋ ಮಗುವಿನ ಕಾಲಿಗೆ ಹೋಗುತ್ತದೆ. ಕಂಪನಿ, ನಂಬರ್, ಯಾವ ಸಾಕ್ಸ್ ಅಂತ ಫೋನಿನಲ್ಲಿ ಬರೆದಿಟ್ಟುಕೊಳ್ಳಿ, ಮುಂದಿನ ಸಲ ಅರ್ಧ ಕೆಲಸ ಮುಗಿದಿರುತ್ತದೆ. ನನ್ನ ಫೋನಿನಲ್ಲಿ ಹಾಗೆ ಇಪ್ಪತ್ತಕ್ಕೂ ಹೆಚ್ಚು ಜನರದ್ದಿದೆ. ಎಲ್ಲಕ್ಕಿಂತ ಮೇಲಿನದು: "ಅಪ್ಪ. ಹಾಕಿ 7, ಅಗಲ ಇರುವುದು. ಒಂದೇ ಸಾಕ್ಸ್. ಮೇಲಿನ ಹುಕ್ ಬಿಡುವುದು."